ಎಟುಕದ ಬೈಕು, ಒಂದಿಂಚಿನ ಲೆಕ್ಕ

ಬೈಕಿನ ಬ್ರೋಷರಿನಲ್ಲಿ ಎಂಜಿನ್ನಿನ ಸಿಸಿ, ಮೈಲೇಜು, ಬಣ್ಣಗಳ ಪಟ್ಟಿ ಎಲ್ಲ ಮುಗಿದ ಮೇಲೆ ಸಣ್ಣ ಅಕ್ಷರದಲ್ಲಿ ‘ಸೀಟಿನ ಎತ್ತರ’ ಅಂತ ಒಂದು ಅಂಕಿ ಇರುತ್ತದೆ. ಆರಡಿ ಆಳಿಗೆ ಅದರ ಗೊಡವೆಯೇ ಇಲ್ಲ. ಐದಡಿ ಎರಡಿಂಚಿನವರು ಮೊದಲು ಹುಡುಕುವುದೇ ಅದನ್ನು. ಬಜಾಜ್ ಅವೆಂಜರ್ 220ರದ್ದು 737 ಮಿಲಿಮೀಟರ್, ರಾಯಲ್ ಎನ್‌ಫೀಲ್ಡ್ ಮೀಟಿಯೋರ್ 350ರದ್ದು 765, ಹೀರೋ ಸ್ಪ್ಲೆಂಡರಿನದ್ದು 785, ರಾಯಲ್ ಎನ್‌ಫೀಲ್ಡಿನದೇ ಕ್ಲಾಸಿಕ್ 350ರದ್ದು 805, 2020ರಲ್ಲಿ ಬಂದ ಕೆಟಿಎಂ 390 ಅಡ್ವೆಂಚರಿನದ್ದು 855. ನಮ್ಮ ದೇಶದ ಗಂಡಸರ ಸರಾಸರಿ ಎತ್ತರ ಸುಮಾರು 165 ಸೆಂ.ಮೀ., ಹೆಂಗಸರದ್ದು 153ರ ಆಸುಪಾಸು. ಈ ಪಟ್ಟಿಯ ಕೊನೆಯ ಬೈಕುಗಳ ಮೇಲೆ ತುದಿಗಾಲಲ್ಲಿ ನಿಲ್ಲಬೇಕಾದವರು ಎಲ್ಲೋ ನಾಲ್ಕಾರು ಜನ ಅಂದುಕೊಂಡರೆ ತಪ್ಪು.

ಈ ತೊಂದರೆ ಹೇಳಿಕೊಂಡು ಗ್ಯಾರೇಜಿಗೆ ಹೋದರೆ ಸಿಗುವ ಸಿದ್ಧ ಉತ್ತರ: ‘ಗಾಡೀನ ಸ್ವಲ್ಪ ಇಳಿಸಿಬಿಡೋಣ ಬಿಡಿ ಸಾರ್.’ ಇಳಿಸುವುದು ಕಷ್ಟವಲ್ಲ, ಒಂದು ಮಧ್ಯಾಹ್ನದ ಕೆಲಸ. ಆದರೆ ಮಾಡಬಹುದಾದ ಬದಲಾವಣೆಗಳಲ್ಲಿ ಅದು ಕಟ್ಟಕಡೆಯದಾಗಿರಬೇಕು ಎಂಬುದು ನನ್ನ ಪಕ್ಷ. ಯಾಕೆ ಎಂದು ತಿಳಿಯಲು ಹೈಸ್ಕೂಲಿನ ತ್ರಿಕೋನಮಿತಿ ಸಾಕು.

ಮೊದಲು ಕಾಲಿನ ಅಳತೆ. ಗೋಡೆಗೆ ಬೆನ್ನು ಕೊಟ್ಟು ಬರಿಗಾಲಲ್ಲಿ ನಿಂತು, ಒಂದು ದಪ್ಪ ನೋಟ್‌ಬುಕ್ಕನ್ನು ತೊಡೆಸಂದಿಗೆ ಸೀಟಿನ ಹಾಗೆ ಒತ್ತಿಹಿಡಿದು, ಅದರ ಮೇಲಂಚು ಗೋಡೆಗೆ ತಾಗಿದ ಕಡೆ ಪೆನ್ಸಿಲ್ ಗುರುತು ಹಾಕಿಸಿಕೊಳ್ಳಿ. ನೆಲದಿಂದ ಅಲ್ಲಿಗೆ ಎಷ್ಟಿದೆಯೋ ಅದು ನಿಮ್ಮ ಒಳಗಾಲಿನ ಉದ್ದ. ಸಾಮಾನ್ಯವಾಗಿ ಇದು ದೇಹದ ಎತ್ತರದ ಶೇ 45ರಿಂದ 47ರಷ್ಟು. ಐದಡಿ ಎರಡಿಂಚಿನ ವ್ಯಕ್ತಿಗೆ 72 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಕ್ಲಾಸಿಕ್‌ನ ಸೀಟು 80.5 ಸೆಂ.ಮೀ. ಎತ್ತರದಲ್ಲಿದೆ. ಎಂಟೂವರೆ ಸೆಂ.ಮೀ. ಕೊರತೆ! ಆದರೂ ಆ ಎತ್ತರದವರು ಅದೇ ಬೈಕನ್ನು ಆರಾಮಾಗಿ ಓಡಿಸುವುದನ್ನು ರಸ್ತೆಯಲ್ಲಿ ದಿನಾ ನೋಡುತ್ತೇವೆ. ಬ್ರೋಷರಿನ ಅಂಕಿ ಹೇಳುವುದು ಯಾರೂ ಕೂರದ ಬೈಕಿನ ಕಥೆಯನ್ನು, ಅಷ್ಟೆ. ನೀವು ಕೂತ ಕೂಡಲೇ ಹಿಂದಿನ ಶಾಕ್ ಅಬ್ಸಾರ್ಬರು ಎರಡು–ಮೂರು ಸೆಂ.ಮೀ. ಕುಗ್ಗುತ್ತದೆ, ಫೋಮು ಒಂದಷ್ಟು ಅಮರುತ್ತದೆ, ದಪ್ಪ ಅಟ್ಟೆಯ ಬೂಟು ಕೆಳಗಿನಿಂದ ಎರಡೂವರೆ ಸೆಂ.ಮೀ. ಸೇರಿಸುತ್ತದೆ. ಉಳಿದದ್ದನ್ನು ಹಿಮ್ಮಡಿ ಎತ್ತಿದ ಪಾದ ತುಂಬಿಕೊಡುತ್ತದೆ.

ಬ್ರೋಷರು ಹೇಳದ ಇನ್ನೊಂದು ಸಂಗತಿ ಸೀಟಿನ ಅಗಲ. ಎರಡು ಕಾಲೂ ನೇರ ಕೆಳಗಿಳಿದರೆ 72 ಸೆಂ.ಮೀ. ಪೂರ್ತಿ ದಕ್ಕುತ್ತದೆ. ಸೀಟು ಅಗಲವಾಗಿದ್ದರೆ ಕಾಲುಗಳು ಕೈವಾರದ ಹಾಗೆ ತೆರೆದುಕೊಳ್ಳುತ್ತವೆ. ಒಂದೊಂದು ಕಾಲು 10 ಡಿಗ್ರಿ ಹೊರಚಾಚಿದರೆ ಎತ್ತರದಲ್ಲಿ ನಷ್ಟವಾಗುವುದು ಒಂದು ಸೆಂ.ಮೀ. ಮಾತ್ರ. 20 ಡಿಗ್ರಿಯಾದರೆ ನಾಲ್ಕು ಸೆಂ.ಮೀ. ದಾಟುತ್ತದೆ, 25 ಡಿಗ್ರಿಗೆ ಆರೂವರೆಯ ಮೇಲೆ. ಕೋನ ಹೆಚ್ಚಿದಂತೆ ನಷ್ಟ ಏರುವ ವೇಗವೂ ಹೆಚ್ಚುತ್ತದೆ, ಕೊಸೈನಿನ ಗುಣವೇ ಅದು. ಟ್ಯಾಂಕಿನ ಕಡೆಗೆ ಸಪೂರವಾಗಿರುವ 82 ಸೆಂ.ಮೀ. ಸೀಟು, ಸೋಫಾದಂಥ 79 ಸೆಂ.ಮೀ. ಸೀಟಿಗಿಂತ ಸುಲಭವಾಗಿ ಎಟುಕುವುದು ಇದರಿಂದಲೇ. ನಿಂತಾಗ ಸ್ವಲ್ಪ ಮುಂದಕ್ಕೆ, ಟ್ಯಾಂಕಿನ ಹತ್ತಿರ ಜರುಗಿ ಕೂತರೆ ಖರ್ಚಿಲ್ಲದೆ ಒಂದೆರಡು ಸೆಂ.ಮೀ. ಗಿಟ್ಟುತ್ತದೆ.

ಇಷ್ಟಾದ ಮೇಲೂ ಕೊರತೆ ಉಳಿಯಿತು ಎನ್ನಿ. ಅದು ಎಷ್ಟು ದುಬಾರಿ? ಕ್ಲಾಸಿಕ್ 350ರ ತೂಕ 195 ಕೆ.ಜಿ. ಅದರ ಗುರುತ್ವಕೇಂದ್ರ ನೆಲದಿಂದ 55 ಸೆಂ.ಮೀ. ಮೇಲಿದೆ ಎಂದು ಊಹಿಸಿಕೊಳ್ಳಿ. ಬೈಕು ಲಂಬವಾಗಿ ನಿಂತಾಗ ಆ ತೂಕವೆಲ್ಲ ಟೈರುಗಳ ಮೂಲಕ ನೆಲಕ್ಕೆ ಹೋಗುತ್ತದೆ, ಒಂದು ಬೆರಳಲ್ಲಿ ಹಿಡಿದು ನಿಲ್ಲಿಸಬಹುದು. 3 ಡಿಗ್ರಿ ವಾಲಿದರೆ, ಒಂದು ಮೀಟರ್ ಎತ್ತರದ ಹ್ಯಾಂಡಲನ್ನು ತಡೆದು ನಿಲ್ಲಿಸಲು ಬೇಕಾಗುವುದು ಐದಾರು ಕೆ.ಜಿ. ಬಲ. 10 ಡಿಗ್ರಿಗೆ ಹದಿನೆಂಟು ಕೆ.ಜಿ. ದಾಟುತ್ತದೆ. 30 ಡಿಗ್ರಿಗೆ ಐವತ್ತು ಕೆ.ಜಿ.ಗೂ ಮೇಲೆ, ಅಷ್ಟು ಹೊತ್ತಿಗೆ ಬೈಕು ನಿಮ್ಮ ಮಾತು ಕೇಳುವುದನ್ನು ನಿಲ್ಲಿಸಿರುತ್ತದೆ.

ಈಗ ಆ ಕೊರತೆಯನ್ನು ಇದಕ್ಕೆ ಜೋಡಿಸಿ ನೋಡಿ. ನೆಲಕ್ಕೆ ಚಾಚಿದ ಪಾದ ಟೈರಿನ ಗೆರೆಯಿಂದ ಸುಮಾರು 30 ಸೆಂ.ಮೀ. ಆಚೆ ಇರುತ್ತದೆ. ಪಾದಕ್ಕೂ ನೆಲಕ್ಕೂ 5 ಸೆಂ.ಮೀ. ಅಂತರ ಉಳಿದಿದ್ದರೆ, ಅದನ್ನು ತುಂಬಲು ಇಡೀ ಬೈಕು ಆ ಕಡೆಗೆ 9–10 ಡಿಗ್ರಿ ವಾಲಬೇಕು. ಅಂದರೆ ಹದಿನೆಂಟು ಕೆ.ಜಿ. ಭಾರ, ಅದೂ ತುದಿಗಾಲ ಮೇಲೆ. ಅಂತರವನ್ನು ಅರ್ಧಕ್ಕಿಳಿಸಿದರೆ ವಾಲಿಕೆ ಐದು ಡಿಗ್ರಿಗೆ, ಭಾರ ಒಂಬತ್ತು ಕೆ.ಜಿ.ಗೆ ಇಳಿಯುತ್ತದೆ. ಒಂದಿಂಚು ಗಿಟ್ಟಿದರೆ ಐದು ಡಿಗ್ರಿ ಉಳಿಯಿತು, ಒಂಬತ್ತು ಕೆ.ಜಿ. ಹಗುರವಾಯಿತು. ಎರಡೂ ಪಾದ ಪೂರ್ತಿಯಾಗಿ ನೆಲಕ್ಕೆ ಊರಲೇಬೇಕೆಂಬ ಹಟ ಬೇಕಾಗಿಲ್ಲ. ಎಡಗಾಲಿನ ಪಾದದ ಮುಂಭಾಗ ಗಟ್ಟಿಯಾಗಿ ನೆಲಕ್ಕೆ ಸಿಕ್ಕಿ, ಬಲಗಾಲು ಬ್ರೇಕ್ ಪೆಡಲಿನ ಮೇಲಿದ್ದರೆ ನಿಲ್ಲಲು ಅಷ್ಟೇ ಸಾಕು. ಸೊಂಟವನ್ನು ಸೀಟಿನ ಎಡಕ್ಕೆ ಅರ್ಧ ಜಾರಿಸಿದರೆ ಎಡಗಾಲು ಇನ್ನಷ್ಟು ಕೆಳಗಿಳಿಯುತ್ತದೆ, ಬೈಕು ವಾಲುವುದೂ ಬೇಡ.

ಇದೇ ಲೆಕ್ಕ ನಿಲ್ಲುವ ಜಾಗಕ್ಕೂ ಬರುತ್ತದೆ. ಡಾಂಬರಿನ ಅಂಚಿನಲ್ಲಿ ನಿಂತು ಎಡಗಾಲನ್ನು ಕೆಳಗಿನ ಮಣ್ಣಿಗೆ ಚಾಚುವವರನ್ನು ನೋಡಿ. ಮೂರಿಂಚಿನ ಆ ತಗ್ಗು ಒಂದೇ ಕ್ಷಣದಲ್ಲಿ ಹದಿನಾಲ್ಕು ಡಿಗ್ರಿ ವಾಲಿಕೆ ತಂದಿಡುತ್ತದೆ. ಬೈಕು ಮಗುಚುವುದು ಹೆಚ್ಚಾಗಿ ಇಂಥಲ್ಲೇ.

ಓಡುವ ಬೈಕಿಗೆ ಸವಾರನ ಕಾಲಿನ ಉದ್ದ ಬೇಕಾಗಿಲ್ಲ. ಚಕ್ರ ಉರುಳತೊಡಗಿ ನಡಿಗೆಯ ವೇಗ ದಾಟಿದ ಮೇಲೆ ಹ್ಯಾಂಡಲಿನ ಪುಟ್ಟ ತಿರುವುಗಳೇ ಅದನ್ನು ನಿಲ್ಲಿಸಿಕೊಳ್ಳುತ್ತವೆ. ಸ್ಪೇನ್ ದೇಶದ ಡಾನಿ ಪೆಡ್ರೋಸಾ ಸುಮಾರು 160 ಸೆಂ.ಮೀ. ಎತ್ತರದ, ಐವತ್ತು ಕೆ.ಜಿ. ಚಿಲ್ಲರೆ ತೂಕದ ಮನುಷ್ಯ. 2006ರಿಂದ 2018ರವರೆಗೆ ಹೋಂಡಾ ಪರವಾಗಿ ಓಡಿ, ಮೋಟೋಜಿಪಿಯ ಅತ್ಯುನ್ನತ ದರ್ಜೆಯಲ್ಲೇ 31 ರೇಸು ಗೆದ್ದವರು. ಅವರಿಗೆ ಸಿಗ್ನಲ್ಲಿನಲ್ಲಿ ನಿಲ್ಲುವ ಕಷ್ಟ ಇರಲಿಲ್ಲ, ನಮಗೆ ಪ್ರತಿ ಅರ್ಧ ಕಿಲೋಮೀಟರಿಗೂ ಇದೆ.

ಕಾಲಿನ ಗದ್ದಲದಲ್ಲಿ ಕೈಯನ್ನು ಎಲ್ಲರೂ ಮರೆಯುತ್ತಾರೆ. ಗಿಡ್ಡ ಸವಾರರಿಗೆ ಸಾಮಾನ್ಯವಾಗಿ ಕೈಬೆರಳೂ ಗಿಡ್ಡ. ಕ್ಲಚ್ ಲಿವರ್ ದೂರವಿದ್ದರೆ ಬೆರಳ ತುದಿಗೆಣ್ಣಿನಿಂದ ಎಳೆಯಬೇಕಾಗುತ್ತದೆ. ಸ್ನಾಯುವಿನ ಎಳೆಗಳು ಮಧ್ಯಮ ಉದ್ದದಲ್ಲಿದ್ದಾಗ ಒಂದಕ್ಕೊಂದು ಚೆನ್ನಾಗಿ ಕಚ್ಚಿಕೊಂಡು ಹೆಚ್ಚು ಬಲ ಕೊಡುತ್ತವೆ. ಪೂರ್ತಿ ಹಿಗ್ಗಿದಾಗ ಆ ಕಚ್ಚು ಸಡಿಲ. ಹಿಡಿತದ ಬಲವನ್ನು ಅಳೆದು ನೋಡಿದರೆ ಬಹುಪಾಲು ಕೈಗಳಿಗೆ ಐದು ಸೆಂ.ಮೀ. ಆಸುಪಾಸಿನ ಅಗಲದಲ್ಲಿ ಅತಿ ಹೆಚ್ಚು ಬಲ ಕಾಣುತ್ತದೆ. ಕೆಲವು ಬೈಕುಗಳ ಲಿವರಿನಲ್ಲೇ ಅಂಕಿ ಕೊರೆದ ತಿರುಗಣೆ ಇದ್ದು, ತಿರುಗಿಸಿದರೆ ಲಿವರು ಹತ್ತಿರ ಬರುತ್ತದೆ. ಇಲ್ಲದಿದ್ದರೆ ಹಾಗೆ ಹೊಂದಿಸಬಹುದಾದ ಲಿವರ್ ಹಾಕಿಸಬಹುದು. ಅದಕ್ಕೂ ಮುಂಚೆ ಲಿವರಿನ ಬೋಲ್ಟನ್ನು ಸಡಿಲಿಸಿ, ಮಣಿಕಟ್ಟು ಮೇಲಕ್ಕೂ ಕೆಳಕ್ಕೂ ಮುರಿಯದೆ ಮುಂಗೈ ನೇರ ಬರುವಂತೆ ಕೂರಿಸಿ. ಹ್ಯಾಂಡಲನ್ನು ಅದರ ಕ್ಲ್ಯಾಂಪಿನಲ್ಲಿ ನಾಲ್ಕೈದು ಡಿಗ್ರಿ ನಿಮ್ಮ ಕಡೆ ಹೊರಳಿಸಿದರೂ ಸಾಕಷ್ಟು ಹತ್ತಿರ ಬರುತ್ತದೆ. ಮೊಣಕೈ ಸ್ವಲ್ಪ ಬಾಗಿರಬೇಕು. ಕೈ ಕೋಲಿನಂತೆ ಚಾಚಿಕೊಂಡರೆ ಪ್ರತಿ ಗುಂಡಿಯ ಏಟೂ ಭುಜಕ್ಕೆ ನೇರ ಬರುತ್ತದೆ, ಯು-ಟರ್ನ್ ಹೊಡೆಯುವಾಗ ಹೊರಗಿನ ಕೈ ಹ್ಯಾಂಡಲನ್ನು ಮುಟ್ಟುವುದೇ ಕಷ್ಟ. ಹೊರಳಿಸಿದ ಮೇಲೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಕೇಬಲ್ಲು ಎಳೆಯುತ್ತದೆಯೇ, ಹಿಡಿಕೆ ಟ್ಯಾಂಕಿಗೆ ತಾಗುತ್ತದೆಯೇ ನೋಡಿ.

ಮುಂದಿನದು ಸೀಟು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಈ ಕೆಲಸ ಬಲ್ಲವರಿದ್ದಾರೆ. ಸೀಟನ್ನು ಬೋರಲು ಹಾಕಿ, ಅಂಚಿನ ಪಿನ್ನುಗಳನ್ನು ಸ್ಕ್ರೂಡ್ರೈವರಿನಿಂದ ಒಂದೊಂದಾಗಿ ಎಬ್ಬಿಸಿ ರೆಕ್ಸಿನ್ ಬಿಡಿಸುತ್ತಾರೆ. ಬರಿ ಫೋಮಿನ ಮೇಲೆ ನಿಮ್ಮನ್ನು ಕೂರಿಸಿ, ತೊಡೆ ಒತ್ತುವ ಜಾಗಕ್ಕೆ ಮಾರ್ಕರಿನಲ್ಲಿ ಗೆರೆ ಎಳೆದು, ಬ್ಲೇಡಿನಿಂದ ಹೋಳು ತೆಗೆದು, ಉಬ್ಬುತಗ್ಗನ್ನು ಗ್ರೈಂಡರಿನಲ್ಲಿ ಸವರುತ್ತಾರೆ. ಒಳ್ಳೆಯ ಕೆಲಸಗಾರ ಮೊದಲು ಕೈ ಹಾಕುವುದು ಮುಂದಿನ ಎರಡು ಭುಜಗಳಿಗೆ, ನಡುವಿನ ಎತ್ತರಕ್ಕಲ್ಲ. ಭುಜ ಸವರಿದರೆ ಕೋನ ಕಮ್ಮಿಯಾಗಿ ಕಾಲು ಇಳಿಯುತ್ತದೆ, ಕೂರುವ ಜಾಗದ ಮೆತ್ತೆ ಹಾಗೇ ಉಳಿಯುತ್ತದೆ. ನಡುವಿನದ್ದನ್ನೇ ಎರಡಿಂಚು ಕೊಯ್ದರೆ ಪೃಷ್ಠದ ಎರಡು ಮೂಳೆಗಳ ತುದಿಗೆ ಒತ್ತಡವೆಲ್ಲ ಬಂದು, ಹಾಸನ ತಲುಪುವಷ್ಟರಲ್ಲಿ ಎದ್ದು ನಿಂತು ಓಡಿಸುವ ಹಾಗಾಗುತ್ತದೆ. ಮೂಲ ಸೀಟನ್ನು ಅಟ್ಟಕ್ಕೆ ಹಾಕಿ, ಬೇರೊಂದು ಸೀಟು ಕೊಂಡು ಅದನ್ನು ಕೊಯ್ಸುವುದು ಜಾಣತನ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ರಂಥ ಕೆಲವಕ್ಕೆ ಕಂಪನಿಯೇ ತಗ್ಗಿನ ಸೀಟು ಮಾರುತ್ತದೆ: ಮಾಮೂಲಿನದು 825 ಮಿ.ಮೀ., ಅದು 805.

ಆಮೇಲೆ ಸ್ಪ್ರಿಂಗು. ಇಲ್ಲಿ ಅನೇಕರಿಗೆ ಗೊತ್ತಿರದ ಒಂದು ಸಂಗತಿ ಇದೆ. ಎಂಬತ್ತು ಕೆ.ಜಿ.ಯವರು ಕೂತಾಗ ಬೈಕು ಎಷ್ಟು ಕುಗ್ಗುತ್ತದೋ ಐವತ್ತು ಕೆ.ಜಿ.ಯವರಿಗೆ ಅಷ್ಟು ಕುಗ್ಗುವುದಿಲ್ಲ. ಹಿಂದಿನ ಚಕ್ರವನ್ನು ಒಂದು ಮಿ.ಮೀ. ಕುಗ್ಗಿಸಲು 20 ನ್ಯೂಟನ್ ಬೇಕು ಎನ್ನಿ. ಮೂವತ್ತು ಕೆ.ಜಿ. ವ್ಯತ್ಯಾಸದಲ್ಲಿ ಮುಕ್ಕಾಲು ಪಾಲು ಹಿಂದೆ ಬಿದ್ದರೂ ಸೀಟು ಸುಮಾರು ಒಂದು ಸೆಂ.ಮೀ. ಮೇಲೇ ಉಳಿಯುತ್ತದೆ. ಗಿಡ್ಡಗಿದ್ದು ಹಗುರವೂ ಆಗಿರುವವರಿಗೆ ಎತ್ತರದ ಬೈಕು ಇನ್ನೂ ಎತ್ತರವಾಗಿ ಸಿಗುವುದು ಹೀಗೆ. ಇದಕ್ಕೆ ಪರಿಹಾರ ಶಾಕಿನ ಬುಡದಲ್ಲೇ ಇದೆ: ಮೆಟ್ಟಿಲು ಮೆಟ್ಟಿಲಾಗಿರುವ ಪ್ರೀಲೋಡ್ ಬಳೆ. ಸ್ಪ್ಲೆಂಡರಿನಲ್ಲಿ ಐದು ಮೆಟ್ಟಿಲು, ಕ್ಲಾಸಿಕ್‌ನಲ್ಲಿ ಆರು. ಇದನ್ನು ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ, ಮೆತ್ತಗಾಗುತ್ತದೆ ಎಂಬ ಮಾತು ಗ್ಯಾರೇಜುಗಳಲ್ಲಿ ಚಾಲ್ತಿಯಲ್ಲಿದೆ. ಸ್ಪ್ರಿಂಗಿನ ಗಡಸು ಎಳ್ಳಷ್ಟೂ ಬದಲಾಗುವುದಿಲ್ಲ, ಅದು ಯಾವ ಎತ್ತರದಲ್ಲಿ ಕೆಲಸ ಶುರುಮಾಡಬೇಕು ಎಂಬುದಷ್ಟೇ ಬದಲಾಗುವುದು.

ಎಷ್ಟು ಇಳಿಸಬೇಕೆಂದು ತಿಳಿಯಲು ಟೇಪು, ಜೊತೆಗೆ ಇಬ್ಬರು ಬೇಕು. ಹಿಂದಿನ ಚಕ್ರ ಗಾಳಿಯಲ್ಲಿರುವಾಗ ಆಕ್ಸಲಿನಿಂದ ನೇರ ಮೇಲೆ ಚಾಸಿಯ ಒಂದು ಗುರುತಿಗೆ ಅಳೆಯಿರಿ. ಆಮೇಲೆ ಹೆಲ್ಮೆಟ್ಟು, ಬ್ಯಾಗು ಸಮೇತ ನೀವು ಕೂತು, ಒಬ್ಬರು ಬೈಕನ್ನು ಲಂಬವಾಗಿ ಹಿಡಿದಾಗ ಇನ್ನೊಬ್ಬರು ಮತ್ತೆ ಅಳೆಯಲಿ. ಎರಡರ ವ್ಯತ್ಯಾಸ ಚಕ್ರದ ಒಟ್ಟು ಚಲನೆಯ ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗದಷ್ಟು ಇದ್ದರೆ ಸರಿ. ಒಟ್ಟು 120 ಮಿ.ಮೀ. ಇದ್ದರೆ 30ರಿಂದ 40. ಅದಕ್ಕಿಂತ ಕಮ್ಮಿಯಿದ್ದರೆ ಬಳೆಯನ್ನು ಧೈರ್ಯವಾಗಿ ಇಳಿಸಿ, ಎತ್ತರವೂ ತಗ್ಗುತ್ತದೆ, ಸವಾರಿಯೂ ಸುಧಾರಿಸುತ್ತದೆ. ಮೊದಲೇ 40 ಇದ್ದರೆ ಇಳಿಸಬೇಡಿ. ಹಿಂದೆ ಯಾರನ್ನಾದರೂ ಕೂರಿಸಿಕೊಂಡು ನಮ್ಮೂರ ಹಂಪ್ಸ್ ಹಾರಿದ ದಿನ ಶಾಕ್ ತಳ ಕಾಣುತ್ತದೆ.

ಇಷ್ಟೂ ಸಾಲದಿದ್ದರೆ ಮಾತ್ರ ಮೆಕ್ಯಾನಿಕ್ ಹೇಳಿದ ‘ಇಳಿಸುವ’ ಕೆಲಸ. ಜೋಡಿ ಶಾಕಿನ ಬೈಕಿಗೆ ಗಿಡ್ಡ ಶಾಕು, ಹಿಮಾಲಯನ್‌ನಂಥ ಲಿಂಕೇಜ್ ಇರುವವಕ್ಕೆ ಅಳತೆ ಬದಲಿಸಿದ ಲಿಂಕ್. ಹಿಂದನ್ನು ಮಾತ್ರ ಇಳಿಸಿ ಮುಂದನ್ನು ಹಾಗೇ ಬಿಡುವುದು ನಮ್ಮಲ್ಲಿ ಮಾಮೂಲು. 1390 ಮಿ.ಮೀ. ಗಾಲಿ ಅಂತರದ ಬೈಕಿನ ಹಿಂಭಾಗ 25 ಮಿ.ಮೀ. ಇಳಿದರೆ ಇಡೀ ಬೈಕು ಒಂದು ಡಿಗ್ರಿ ಹಿಂದಕ್ಕೆ ಒರಗುತ್ತದೆ. ಒಂದು ಡಿಗ್ರಿ ತಾನೇ ಎನ್ನಬೇಡಿ. ಹ್ಯಾಂಡಲಿನ ಕಂಬವೂ ಅಷ್ಟೇ ಒರಗಿ, ಅದರ ಗೆರೆ ನೆಲ ಮುಟ್ಟುವ ಬಿಂದುವಿಗೂ ಟೈರು ನೆಲ ಮುಟ್ಟುವ ಬಿಂದುವಿಗೂ ಇರುವ ದೂರ ಸುಮಾರು ಆರು ಮಿ.ಮೀ. ಹೆಚ್ಚುತ್ತದೆ. ಬೈಕಿನ ಸ್ಥಿರತೆಯನ್ನೂ ಚುರುಕುತನವನ್ನೂ ನಿರ್ಧರಿಸುವ ಮುಖ್ಯ ಅಳತೆಗಳಲ್ಲಿ ಅದೊಂದು. ತಿರುವಿನಲ್ಲಿ ಗಾಡಿ ಸೋಮಾರಿಯಾಗುತ್ತದೆ, ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಹಿಂದೆ ಇಳಿಸಿದಷ್ಟಕ್ಕೆ ಸರಿಹೊಂದುವಂತೆ ಫೋರ್ಕ್ ಪೈಪುಗಳನ್ನು ಕ್ಲ್ಯಾಂಪಿನಲ್ಲಿ ಮೇಲಕ್ಕೆ ಸರಿಸಿ ಮುಂದನ್ನೂ ಇಳಿಸಬೇಕು. ಎಲ್ಲ ಬೈಕುಗಳಲ್ಲೂ ಅದಕ್ಕೆ ಜಾಗ ಇರುವುದಿಲ್ಲ. ಸರಿಸಿದ ಮೇಲೆ ಫೋರ್ಕ್ ಪೂರ್ತಿ ಕುಗ್ಗಿದಾಗ ಮಡ್‌ಗಾರ್ಡು ಎಲ್ಲೂ ತಾಗದಂತಿರಬೇಕು. ಕ್ಲಾಸಿಕ್‌ಗೆ ನೆಲದಿಂದ ಇರುವುದೇ 170 ಮಿ.ಮೀ. ಅಂತರ, ಅದರಲ್ಲಿ 25 ಹೋದರೆ ಊರೊಳಗಿನ ಎತ್ತರದ ಹಂಪ್ಸುಗಳಿಗೆ ಎಂಜಿನ್ನಿನ ಹೊಟ್ಟೆ ಸವರುತ್ತದೆ.

ಸೈಡ್ ಸ್ಟ್ಯಾಂಡಿನಲ್ಲಿ ಹಳೆಯ ಲೆಕ್ಕವೇ ತಿರುಗಿಬೀಳುತ್ತದೆ. ಸ್ಟ್ಯಾಂಡಿನ ಪಾದವೂ ಟೈರಿನಿಂದ ಸುಮಾರು ಅಷ್ಟೇ ದೂರ. ಬೈಕು ಒಂದಿಂಚು ಇಳಿದರೆ ಸ್ಟ್ಯಾಂಡು ಒಂದಿಂಚು ಉದ್ದವಾದ ಹಾಗೆ, ನಿಲ್ಲಿಸಿದ ಬೈಕಿನ ವಾಲಿಕೆ ಐದು ಡಿಗ್ರಿ ಕಮ್ಮಿ. ಬಲಗಡೆಗೆ ಕೊಂಚ ಇಳಿಜಾರಿದ್ದರೆ ಪಕ್ಕದ ಬೈಕಿನವರು ಬ್ಯಾಗು ತಾಗಿಸಿದರೂ ಬಲಕ್ಕೆ ಉರುಳುತ್ತದೆ. ಸ್ಟ್ಯಾಂಡನ್ನು ಕತ್ತರಿಸಿ ವೆಲ್ಡ್ ಮಾಡಿಸಬೇಕು. ಸೆಂಟರ್ ಸ್ಟ್ಯಾಂಡ್ ಹಾಕಲು ಮೊದಲಿಗಿಂತ ಹೆಚ್ಚು ಎತ್ತಬೇಕು, ಹಗುರ ಸವಾರರಿಗೆ ಅದೊಂದು ಹೊಸ ತಲೆನೋವು.

ಕಾನೂನಿನ ಮಾತೂ ಉಂಟು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂಥ ಮಾರ್ಪಾಡು ಮಾಡುವಂತಿಲ್ಲ. ಲಿವರು, ಪ್ರೀಲೋಡಿನಂಥ ಹೊಂದಾಣಿಕೆಗಳು ಆ ಗೆರೆಯಿಂದ ದೂರ. ಚಾಸಿ ಕೊಯ್ದು ವೆಲ್ಡ್ ಮಾಡುವುದಕ್ಕೆ ಮಾತ್ರ ಯಾರೇ ಪುಸಲಾಯಿಸಿದರೂ ಒಪ್ಪಬೇಡಿ.

ಇಳಿಸಿಯೇ ತೀರಿದಿರಾದರೆ, ಗ್ಯಾರೇಜಿನಿಂದ ಹೊರಡುವ ಮುಂಚೆ ಚೈನಿನ ಸಡಿಲವನ್ನು ಇನ್ನೊಮ್ಮೆ ಅಳೆಸಿ. ಹಿಂದಿನ ಚಕ್ರದ ತೋಳಿನ ಕೋನ ಬದಲಾದರೆ ಅದೂ ಬದಲಾಗಿರುತ್ತದೆ. ಮೆಕ್ಯಾನಿಕ್ಕನ್ನೇ ಹಿಂದೆ ಕೂರಿಸಿಕೊಂಡು ಹತ್ತಿರದ ಹಂಪ್ಸ್ ಮೇಲೆ ನಿಧಾನಕ್ಕೆ ಒಂದು ಸಲ ಹೋಗಿಬನ್ನಿ. ಟೈರು ಮಡ್‌ಗಾರ್ಡಿನ ಒಳಗೆ ಉಜ್ಜಿದರೆ ಇಬ್ಬರಿಗೂ ಅಲ್ಲೇ ಕೇಳಿಸುತ್ತದೆ, ದುಡ್ಡು ಕೊಡುವ ಮೊದಲೇ.