ಶಿಶುಗಳ ಅರಿವಳಿಕೆಯೂ ಶ್ವಾಸಮಾರ್ಗರಕ್ಷಣೆಯೂ

ಶಸ್ತ್ರಕರ್ಮಕ್ಕೆ ಮುನ್ನ ರೋಗಿಗೆ ಆಹಾರವನ್ನು ಕೊಡಬೇಕೆ, ಬಾರದೆ ಎಂಬ ಪ್ರಶ್ನೆಯು ನಮ್ಮ ವೈದ್ಯಶಾಸ್ತ್ರದಲ್ಲಿ ಬಹು ಪ್ರಾಚೀನವಾದುದು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ರೋಗಿಗೆ ಮೊದಲು ಮೆಚ್ಚಿನ ಊಟವನ್ನೂ, ಮದ್ಯದ ರೂಢಿಯುಳ್ಳ, ವೇದನೆಯನ್ನು ತಾಳಲಾರದವನಿಗೆ ತೀಕ್ಷ್ಣಮದ್ಯವನ್ನೂ ವಿಧಿಸಿದೆ. ಅನ್ನದಿಂದ ಮೂರ್ಛೆಯೂ ಮದ್ಯದಿಂದ ವೇದನೆಯೂ ತಪ್ಪುವವೆಂಬದು ಅದರ ಹೇತು. ಆದರೆ ಉದರ, ಅರ್ಶಸ್ಸು, ಅಶ್ಮರಿ, ಮುಖರೋಗ ಮೊದಲಾದವುಗಳಲ್ಲಿ ಉಣ್ಣದಿರುವಾಗಲೇ ಶಸ್ತ್ರಕರ್ಮ ಮಾಡತಕ್ಕದ್ದೆಂದು ಅದೇ ಗ್ರಂಥವು ಹೇಳುತ್ತದೆ. ಇಂದಿನ ಪೂರ್ಣ ಅರಿವಳಿಕೆಯಲ್ಲಿ, ತುರ್ತಿನ ಪ್ರಸಂಗಗಳನ್ನುಳಿದು, ಆ ಅಪವಾದವೇ ಉತ್ಸರ್ಗವಾಗಿದೆ. ಏಕೆಂದರೆ ಗಂಟಲಿಗೆ ಏನಾದರೂ ಬಂದಾಗ ಕೆಮ್ಮಿ ಹೊರದೂಡುವ ಸಹಜಶಕ್ತಿಯು ಈ ನಿದ್ರೆಯಲ್ಲಿ ಲೋಪವಾಗುತ್ತದೆ; ಹೊಟ್ಟೆಯ ಹಾಲು ಮೇಲಕ್ಕೆ ಬಂದರೆ ನೇರವಾಗಿ ಪುಪ್ಪುಸಗಳಿಗಿಳಿಯಬಹುದು.

ಶಿಶುವಿನಲ್ಲಿ ಈ ಭಯ ಹೆಚ್ಚಿನದು. ಅದರ ತಲೆಯ ಹಿಂಭಾಗವು ದೊಡ್ಡದಾದ್ದರಿಂದ ಅಂಗಾತ ಮಲಗಿಸಿದಾಗ ಕೊರಳು ಮುಂದಕ್ಕೆ ಬಾಗುವದು; ನಾಲಗೆಯು ಬಾಯಿಯ ಪ್ರಮಾಣಕ್ಕೆ ದೊಡ್ಡದಿದ್ದು, ಅರಿವು ತಪ್ಪಿದಾಗ ಹಿಂದೆ ಸರಿದು ದಾರಿಯನ್ನು ಮುಚ್ಚುವದು. 4 ಮಿಲಿಮೀಟರ್ ವ್ಯಾಸದ ಶ್ವಾಸನಾಳವು ಒಳಗೆ ಸುತ್ತಲೂ 1 ಮಿಲಿಮೀಟರ್ ಬಾತರೆ ವ್ಯಾಸವು ಅರ್ಧಕ್ಕಿಳಿದು, ಗಾಳಿಯ ಸಮಪ್ರವಾಹಕ್ಕೆ ತಡೆಯು 16 ಪಟ್ಟಾಗುವದು. ತೂಕಕ್ಕೆ ಹೋಲಿಸಿದರೆ ಶಿಶುವಿಗೆ ಬೇಕಾಗುವ ಪ್ರಾಣವಾಯುವು ದೊಡ್ಡವರಿಗಿಂತ ಸುಮಾರು ಇಮ್ಮಡಿ. ಪುಪ್ಪುಸಗಳಲ್ಲಿಯ ಸಂಗ್ರಹವಾದರೋ ಅಲ್ಪ. ಆದಕಾರಣ ಉಸಿರು ತಡೆದರೆ ಸ್ವಲ್ಪದರಲ್ಲಿಯೇ ಮೈ ನೀಲಿಗಟ್ಟಿ ಹೃದಯದ ಗತಿಯು ಕುಂದುವದು.

ಅರಿವಳಿಕೆಯ ವೈದ್ಯರು ಭುಜಗಳ ಕೆಳಗೆ ಮಡಿಸಿದ ಬಟ್ಟೆಯನ್ನಿಟ್ಟು, ಗದ್ದವನ್ನೆತ್ತಿ, ಮುಖವಾಡದಿಂದ ಪ್ರಾಣವಾಯುವನ್ನು ಕೊಡುವರು. ಬೇಕಾದಲ್ಲಿ ಶ್ವಾಸನಾಳದಲ್ಲಿ ನಳಿಕೆಯನ್ನಿಡುವರು. ಜೊಲ್ಲು ಅಥವಾ ರಕ್ತ ತಗಲಿ ಧ್ವನಿತಂತುಗಳು ಬಿಗಿದು ಮುಚ್ಚಿಕೊಂಡರೆ, ಅದನ್ನು ಹೀರಿ ತೆಗೆದು, ಒತ್ತಡದಿಂದ ಪ್ರಾಣವಾಯುವನ್ನೂಡುವರು; ಅದರಿಂದ ಸಡಿಲದಿದ್ದರೆ ಔಷಧವನ್ನು ಪ್ರಯೋಗಿಸುವರು. ಸೀಳುತುಟಿಯೊಡನೆ ಜನಿಸಿದ ಇಂಗ್ಲಂಡಿನ ವೈದ್ಯ ಫಿಲಿಪ್ ಏರ್ ಎಂಬವನು 1937ರಲ್ಲಿ ಅಂಥ ಶಿಶುಗಳಿಗಾಗಿಯೇ, ಉಸಿರಿಗೆ ಅಡ್ಡಿಯಾಗುವ ಕವಾಟಗಳಿಲ್ಲದ, ‘ಟಿ’ ಆಕಾರದ ನಳಿಕೆಯನ್ನು ಬಳಕೆಗೆ ತಂದನೆಂಬದು ಸ್ಮರಣೀಯ.

ಆದರೆ ರಕ್ಷಣೆಯ ಒಂದು ಭಾಗವು ಮನೆಯವರ ಕೈಯಲ್ಲಿದೆ. ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಕಲಘಟಗಿಯಿಂದ ಕೂಸನ್ನು ಶಸ್ತ್ರಕರ್ಮಕ್ಕಾಗಿ ಹುಬ್ಬಳ್ಳಿಗೆ ಒಯ್ಯುವಾಗ, ದಾರಿಯಲ್ಲಿ ಅದು ಹಸಿದು ಅತ್ತರೆ ಅಜ್ಜಿಯ ಕರುಳು ತಾಳಲಾರದು. ಒಂದು ಗುಟುಕು ಹಾಲಿನಿಂದೇನಾದೀತು ಎನ್ನಿಸುವದು ಸಹಜ. ಸಾಮಾನ್ಯ ನಿಯಮವೆಂದರೆ ಹಸುವಿನ ಅಥವಾ ಡಬ್ಬಿಯ ಹಾಲನ್ನು 6 ತಾಸು, ಎದೆಹಾಲನ್ನು 4 ತಾಸು, ತಿಳಿನೀರನ್ನು 2 ತಾಸು ಮೊದಲೇ ನಿಲ್ಲಿಸುವದು. ಕೆಲವೆಡೆ ಈ ಅವಧಿ ಇನ್ನೂ ಕಡಿಮೆಯುಂಟು. ಆಯಾ ವೈದ್ಯರ ಮಾತೇ ಪ್ರಮಾಣ. ಅತಿಯಾದ ಉಪವಾಸವೂ ಶಿಶುವಿಗೆ ಹಿತವಲ್ಲವಾದ್ದರಿಂದ ಕೊನೆಯ ಸಲ ಯಾವಾಗ ಕುಡಿಸಬಹುದೆಂದು ಕೇಳಿ ತಿಳಿದುಕೊಳ್ಳತಕ್ಕದ್ದು.

ತಪ್ಪಿ ಕುಡಿಸಿದ್ದರೆ ಮರೆಮಾಚಲಾಗದು. ಹೇಳಿದರೆ ಶಸ್ತ್ರಕರ್ಮವು ಕೆಲವು ತಾಸು ಮುಂದೆ ಹೋದೀತು, ಹೇಳದಿದ್ದರೆ ಪ್ರಾಣಕ್ಕೇ ಅಪಾಯವೊದಗೀತು. ಹಿಂದಿನ ಎರಡು ಮೂರು ವಾರಗಳಲ್ಲಿ ನೆಗಡಿ, ಕೆಮ್ಮು ಬಂದಿದ್ದರೆ ಅದನ್ನೂ, ಕೂಸು ದಿನ ತುಂಬುವ ಮೊದಲೇ ಹುಟ್ಟಿದ್ದರೆ ಅದನ್ನೂ ತಿಳಿಸಬೇಕು. ಅಂಥ ಕೂಸುಗಳಿಗೆ ಎಚ್ಚರವಾದ ಮೇಲೆಯೂ ಉಸಿರು ನಡುನಡುವೆ ನಿಲ್ಲುವ ಸಂಭವವಿರುವದರಿಂದ ರಾತ್ರಿಯೆಲ್ಲ ಕಾಯಬೇಕಾಗಬಹುದು.