ಗೇಮ್ ಪೆಟ್ಟಿಗೆ ಕೈಕೊಟ್ಟರೆ ಗಾಬರಿ ಬೇಡ

ರಜೆ ಶುರುವಾಗಿ ಎರಡು ದಿನ ಆಗಿರೋದಿಲ್ಲ, ‘ಅಮ್ಮಾ, ಪಿಎಸ್4 ಆನ್ ಆಗ್ತಾನೇ ಇಲ್ಲ, ನನ್ನ ಗೇಮೆಲ್ಲ ಹೋಯ್ತು’ ಅಂತ ಮಕ್ಕಳು ಕಣ್ಣೀರು ಹಾಕುತ್ತಾರೆ. ಸಾವಿರಾರು ರೂಪಾಯಿ ಕೊಟ್ಟು ತಂದ ಪೆಟ್ಟಿಗೆಯೇ ಹಾಳಾಯಿತೆಂದು ನಮಗೂ ಹೊಟ್ಟೆ ಉರಿಯುತ್ತದೆ. ಆದರೆ ಎಷ್ಟೋ ಸಲ ಕೆಟ್ಟಿರುವುದು ಒಳಗಿನ ಹಾರ್ಡ್ ಡಿಸ್ಕ್ ಮಾತ್ರ.

2013ರಲ್ಲಿ ಬಂದ ಪಿಎಸ್4ನಲ್ಲಿ ಲ್ಯಾಪ್‌ಟಾಪ್‌ಗೆ ಹಾಕುವಂಥ ಎರಡೂವರೆ ಇಂಚಿನ ಹಾರ್ಡ್ ಡಿಸ್ಕ್ ಇರುತ್ತದೆ. ಅದರೊಳಗೆ ತಟ್ಟೆ ಸದಾ ಗಿರಗಿರನೆ ತಿರುಗುತ್ತಿರುತ್ತದೆ. ಆಟದ ನಡುವೆ ಕರೆಂಟ್ ಹೋಗುವುದು, ಆನ್ ಇರುವಾಗಲೇ ಪೆಟ್ಟಿಗೆ ಎತ್ತಿಡುವುದು, ಧೂಳು ತುಂಬಿ ಬಿಸಿಯಾಗುವುದು ಇವೆಲ್ಲ ಅದಕ್ಕೆ ಆಗಿಬರುವುದಿಲ್ಲ.

ಸೂಚನೆಗಳೇನು?

ಆಟ ಪದೇ ಪದೇ ನಿಂತುಹೋಗುವುದು, ಗೇಮ್ ತೆರೆದುಕೊಳ್ಳಲು ತುಂಬಾ ಹೊತ್ತು ಹಿಡಿಯುವುದು, ಒಳಗಿಂದ ಕಟಕಟ ಸದ್ದು ಬರುವುದು.

ಮೊದಲು ಹೀಗೆ ಮಾಡಿ

* ಪೂರ್ತಿ ಆಫ್ ಮಾಡಿ. ಪವರ್ ಬಟನ್ ಒತ್ತಿ ಹಿಡಿದುಕೊಳ್ಳಿ. ಸುಮಾರು ಏಳು ಸೆಕೆಂಡಿಗೆ ಎರಡನೇ ‘ಬೀಪ್’ ಕೇಳಿಸಿದಾಗ ಬಿಡಿ. ‘ಸೇಫ್ ಮೋಡ್’ ಬರುತ್ತದೆ. ಕಂಟ್ರೋಲರನ್ನು ಯುಎಸ್‌ಬಿ ವೈರಿನಿಂದ ಜೋಡಿಸಿ.

* ಅಲ್ಲಿ ಐದನೆಯದು ‘ರೀಬಿಲ್ಡ್ ಡೇಟಾಬೇಸ್’. ಇದರಿಂದ ಗೇಮ್ ಅಳಿಸಿಹೋಗುವುದಿಲ್ಲ. ಕೆಲವೊಮ್ಮೆ ಗಂಟೆಗಟ್ಟಲೆ ಹಿಡಿಯುತ್ತದೆ, ನಡುವೆ ಆಫ್ ಮಾಡಬೇಡಿ.

* ‘ಇನಿಷಿಯಲೈಸ್’ ಅಂತ ಇರುವುದನ್ನು ಮುಟ್ಟಬೇಡಿ. ಎಲ್ಲವೂ ಅಳಿಸಿಹೋಗುತ್ತದೆ.

ಸರಿಹೋಗದಿದ್ದರೆ?

ವಾರಂಟಿ ಇದ್ದರೆ ಸೀದಾ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ಇಲ್ಲದಿದ್ದರೂ ಹೊಸ ಪೆಟ್ಟಿಗೆ ಕೊಳ್ಳುವ ಅವಸರ ಬೇಡ. ಪಿಎಸ್4ನ ಹಾರ್ಡ್ ಡಿಸ್ಕನ್ನು ಬಿಚ್ಚಿ ಬದಲಿಸಬಹುದು. 9.5 ಮಿಲಿಮೀಟರ್‌ಗಿಂತ ದಪ್ಪವಿರದ, ಎರಡೂವರೆ ಇಂಚಿನ ‘ಸಾಟಾ’ ಡಿಸ್ಕ್ ಎಂದು ಕೇಳಿ ತನ್ನಿ. ಹಾಕಿದ ಮೇಲೆ ಸಿಸ್ಟಮ್ ಸಾಫ್ಟ್‌ವೇರನ್ನು ಪೆನ್‌ಡ್ರೈವ್‌ನಿಂದ ಮತ್ತೆ ತುಂಬಬೇಕು.

ರಿಪೇರಿಗೆ ಕೊಡುವಾಗ ‘ನಮ್ಮನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ’ ಎಂದು ಚೀಟಿಯಲ್ಲೇ ಬರೆಸಿ. ‘ಡಿಸ್ಕ್ ಕಂಪ್ಯೂಟರ್‌ಗೆ ಹಾಕಿ ಗೇಮೆಲ್ಲ ತೆಗೆದುಕೊಡ್ತೀವಿ’ ಅಂದರೆ ನಂಬಿ ದುಡ್ಡು ಕೊಡಬೇಡಿ. ಪಿಎಸ್4 ಡಿಸ್ಕಿಗೆ ಗುಪ್ತ ಬೀಗ ಇರುತ್ತದೆ, ಕಂಪ್ಯೂಟರ್ ಅದನ್ನು ಸುಲಭಕ್ಕೆ ಓದಲಾರದು.

ದುಡ್ಡು ಕೊಟ್ಟ ಗೇಮ್ ಹೋಯಿತೆ?

ಇಲ್ಲ. ಆನ್‌ಲೈನ್‌ನಲ್ಲಿ ಕೊಂಡಿದ್ದನ್ನು ಅದೇ ಅಕೌಂಟಿನಿಂದ ಮತ್ತೆ ಇಳಿಸಿಕೊಳ್ಳಬಹುದು. ಹಾಗಾಗಿ ಅಕೌಂಟಿನ ಇಮೇಲ್, ಪಾಸ್‌ವರ್ಡ್ ನಿಮ್ಮ ಡೈರಿಯಲ್ಲೂ ಇರಲಿ. ಸಿ.ಡಿ.ಯ ಗೇಮನ್ನು ಮತ್ತೆ ಹಾಕಿಕೊಂಡರಾಯಿತು. ಹೋಗುವುದು ಮಗು ತಿಂಗಳುಗಟ್ಟಲೆ ಆಡಿ ದಾಟಿದ ಹಂತಗಳು, ಅಂದರೆ ‘ಸೇವ್’. ಮಕ್ಕಳ ಅಳು ಅದಕ್ಕೇ. ‘ಬರೀ ಆಟ ತಾನೆ’ ಎಂದು ಗದರಬೇಡಿ.

ಮುಂಜಾಗ್ರತೆ

ಪಿಎಸ್4 ಸೆಟ್ಟಿಂಗ್ಸ್‌ನಲ್ಲಿ ‘ಸೇವ್ಡ್ ಡೇಟಾ’ವನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಬಹುದು. 2020ರಲ್ಲಿ ಬಂದ ಪಿಎಸ್5ರಲ್ಲಿ ತಿರುಗುವ ತಟ್ಟೆಯಿಲ್ಲ, ಎಸ್‌ಎಸ್‌ಡಿ ಇದೆ. ಆದರೆ ಅದರ ಗೇಮುಗಳ ಸೇವ್ ಪೆನ್‌ಡ್ರೈವ್‌ಗೆ ಹೋಗುವುದಿಲ್ಲ, ಚಂದಾ ಕಟ್ಟುವ ಪಿಎಸ್ ಪ್ಲಸ್ ಬೇಕು. ನಿಮ್ಮದು ಪಿಎಸ್4 ಆದರೆ ತಿಂಗಳಿಗೊಮ್ಮೆ, ಹಾಲಿನ ಲೆಕ್ಕ ಮಾಡುವ ದಿನವೇ ಮಗುವಿನ ಕೈಲೇ ಕಾಪಿ ಮಾಡಿಸಿ. ಯುಪಿಎಸ್ ಇದ್ದರೆ ಪೆಟ್ಟಿಗೆಯ ಪ್ಲಗ್ ಅದಕ್ಕೇ ಹಾಕಿ.