ಎರವಲು ಬಂದ ವಿದ್ಯೆ

ರಾಯಲ್ಪಾಡು ಆಂಧ್ರದ ಎಲ್ಲೆಗೆ ಸಮೀಪದ ಊರು. ಇಲ್ಲಿನವರ ಒಂದೇ ವಾಕ್ಯದೊಳಗೆ ಕನ್ನಡವೂ ತೆಲುಗೂ ಸುಳಿಯುವುದುಂಟು. ತಾಯಿಂದ ಬಂದ ನುಡಿಯಂತೆ ನೆರೆಯವರಿಂದ ಬಂದ ನುಡಿಯೂ ನಮ್ಮದಾಗುವ ಬಗೆಯನ್ನು ವಿದ್ಯಾರ್ಥಿಗಳಿಗೆ ಹೇಳುವಾಗ ನಾನು ಈ ಊರನ್ನೇ ಉದಾಹರಿಸುತ್ತೇನೆ. ಬ್ಯಾಕ್ಟೀರಿಯಗಳ ಲೋಕದಲ್ಲಿಯೂ ಇಂಥ ಎರವಲು ನಡೆಯುತ್ತದೆಂಬುದು ಸೋಜಿಗ.

ವರ್ಣತಂತುವಿನ ಹೊರಗಿರುವ ಆನುವಂಶಿಕ ದ್ರವ್ಯಕ್ಕೆ 1952ರಲ್ಲಿ ಜೋಶುವಾ ಲೆಡರ್‌ಬರ್ಗ್ ಪ್ಲಾಸ್ಮಿಡ್ ಎಂದು ಹೆಸರಿಟ್ಟರು. ಅದು ಸಾಮಾನ್ಯವಾಗಿ ಉಂಗುರದಾಕಾರದ ಪುಟ್ಟ ಡಿಎನ್‌ಎ. ಜಪಾನಿನಲ್ಲಿ ಆಮಶಂಕೆಯ ರೋಗಾಣು ಏಕಕಾಲಕ್ಕೆ ಹಲವು ಔಷಧಗಳಿಗೆ ಬಗ್ಗದಾದಾಗ, ಆ ಶಕ್ತಿ ಕರುಳಿನ ಬೇರೊಂದು ಬ್ಯಾಕ್ಟೀರಿಯಕ್ಕೂ ದಾಟಬಲ್ಲದೆಂದು 1959ರಲ್ಲಿ ಓಚಿಯಾಯ್, ಅಕಿಬ ಮೊದಲಾದವರು ತೋರಿಸಿದರು.

ಪ್ರಯೋಗಾಲಯದವರು ಇದನ್ನೇ ಬೇಕೆಂದು ಮಾಡಿಸುತ್ತಾರೆ. ಕೊಡುವ ಬ್ಯಾಕ್ಟೀರಿಯವನ್ನೂ ಕೊಳ್ಳುವುದನ್ನೂ ಬೆರೆಸಿ ಕೆಲವು ಗಂಟೆ ಒತ್ತಾಗಿ ಇರಿಸುವುದು ಒಂದು ಕ್ರಮ. ಪ್ಲಾಸ್ಮಿಡ್‌ಗೆ ಸ್ವತಃ ದಾಟುವ ಶಕ್ತಿಯಿಲ್ಲದಿದ್ದರೆ ಮೂರನೆಯ ಬ್ಯಾಕ್ಟೀರಿಯವೊಂದನ್ನು ಸೇರಿಸುತ್ತಾರೆ. ಮದುವೆಯ ದಲ್ಲಾಳಿಯೆಂದರೆ ತಪ್ಪಲ್ಲ. ಬಳಿಕ ಎರಡು ಔಷಧಗಳಿರುವ ಆಹಾರದ ಮೇಲೆ ಹರಡಿದರೆ, ಒಂದು ಔಷಧ ದಾನಿಯನ್ನೂ ಇನ್ನೊಂದು ದಾನ ಪಡೆಯದವನ್ನೂ ತಡೆಯುತ್ತದೆ. ಬೆಳೆದವೇ ಎರವಲು ಪಡೆದವು. ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ ತಣ್ಣಗಿರಿಸಿ ಥಟ್ಟನೆ ಬಿಸಿ ಮುಟ್ಟಿಸುವುದು, ಕ್ಷಣದ ವಿದ್ಯುದಾಘಾತ ಕೊಡುವುದು ಬೇರೆ ದಾರಿಗಳು.

ಒಳಹೊಕ್ಕ ಮಾತ್ರಕ್ಕೆ ಉಳಿಯಿತೆಂದಲ್ಲ. ಪರಕೀಯ ಡಿಎನ್‌ಎಯನ್ನು ತುಂಡರಿಸುವ ಕಿಣ್ವಗಳು ಅನೇಕ ಬ್ಯಾಕ್ಟೀರಿಯಗಳಲ್ಲಿ ಇವೆ. ಅವುಗಳಿಂದ ಪಾರಾದ ಮೇಲೂ ಹೊಸ ಮನೆಯ ಯಂತ್ರವು ಅದನ್ನು ಪ್ರತಿಮಾಡಲು ಒಪ್ಪಬೇಕು. ‘ಬಸ್’ ಎಂಬುದು ‘ಬಸ್ಸು’ ಆದ ಮೇಲಲ್ಲವೆ ನಮ್ಮ ವಿಭಕ್ತಿಗಳನ್ನು ಹೊತ್ತು ಓಡಾಡತೊಡಗಿದುದು! ಆದರೆ ಆರ್‌ಕೆ2 ಎಂಬಂಥ ಪ್ಲಾಸ್ಮಿಡ್‌ಗಳಿಗೆ ಹಲವು ಕುಲಗಳ ಮನೆಯೂ ಒಗ್ಗುತ್ತದೆ.

ನಮ್ಮ ಜಿಲ್ಲೆಯವರು ಇದನ್ನು ದೂರದ ವಿದ್ಯೆಯೆಂದು ಬಿಡುವಂತಿಲ್ಲ. ಕೊಳಚೆ ನೀರಿನ ಸಂಸ್ಕರಣ ತೊಟ್ಟಿಗಳಲ್ಲಿ ನಾನಾ ಕುಲದ ಬ್ಯಾಕ್ಟೀರಿಯಗಳೂ ಔಷಧಗಳ ಶೇಷವೂ ಕಲೆಯುತ್ತವೆ; ಎರವಲಿಗೆ ಅನುಕೂಲವಾದ ಸಂತೆಯದು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಎರಡು ಹಂತಗಳ ಸಂಸ್ಕರಣದ ಬಳಿಕ 2018ರಲ್ಲಿ ಕೋಲಾರದ ಕೆರೆಗಳಿಗೆ ಹರಿಯತೊಡಗಿತು. ಬತ್ತಿದ ಕೆರೆ ತುಂಬಿತೆಂದು ಹಿಗ್ಗಿದವರಲ್ಲಿ ನಾನೂ ಒಬ್ಬ. ಮೂರನೆಯ ಹಂತದ ಸಂಸ್ಕರಣವೂ ಬೇಕೆಂಬ ರೈತರ ಒತ್ತಾಯ ನ್ಯಾಯವೆನ್ನುವವರಲ್ಲಿಯೂ ಒಬ್ಬ. ಸತ್ತ ಬ್ಯಾಕ್ಟೀರಿಯದಿಂದ ಹೊರಬಿದ್ದ ಡಿಎನ್‌ಎಯನ್ನು ಬದುಕಿರುವ ಕೆಲವು ಬ್ಯಾಕ್ಟೀರಿಯಗಳು ಹೀರಿಕೊಳ್ಳಬಲ್ಲವು. ಆದುದರಿಂದ ಕೆರೆಯ ನೀರನ್ನು ಪರೀಕ್ಷಿಸುವವರು ರೋಗಾಣುಗಳ ಲೆಕ್ಕದೊಡನೆ ಔಷಧಕ್ಕೆ ಬಗ್ಗದ ಜೀನ್‌ಗಳ ಲೆಕ್ಕವನ್ನೂ ಊರವರ ಮುಂದಿಡಬೇಕು.